ಕೊನೆಗೆ ಹಾಡುವವಳು

ಗೌಸುಸಾಬ ಸುದ್ದಿ ತಂದಾಗ ಹೊಳೆವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಮಧ್ಯಾಹ್ನದ ಹೊತ್ತು. ರೋಣದ ಬೀದಿಗಳಲ್ಲಿ ಜನರ ಸುಳಿವಿರಲಿಲ್ಲ. ಅವನು ಚಪ್ಪಲಿ ಬಿಡುವುದಕ್ಕೂ ತಡೆಯದೆ ಅಂಗಳದಿಂದಲೇ ಕೂಗಿದ.

"ಅಕ್ಕಾರ, ಮದ್ಲ ಬಾಯಾಗ ಬೆಲ್ಲಾ ಹಾಕ್ರಿ! ಈ ವರ್ಷ ನರಗುಂದದಾಗ ಕಡೀಕ ಹಾಡಾಕಿ ನೀವ. ಎಲ್ಲಾರೂ ಒಪ್ಪ್ಯಾರ. ಅರ್ಜುನಪ್ಪ ಸುದ್ದಾ ಒಲ್ಲೆ ಅನಲಿಲ್ಲ."

ಹೊಳೆವ್ವನ ಕೈಯಲ್ಲಿದ್ದ ಮೊರ ಅಲ್ಲಿಗೇ ನಿಂತಿತು. ಜೋಳದ ಕಾಳು ಮೊರದ ಅಂಚಿನಿಂದ ಜಾರಿ ನೆಲಕ್ಕೆ ಉದುರಿದವು. ಅವಳ ಜತೆ ಎಷ್ಟೋ ವರ್ಷದಿಂದ ತಬಲಾ ಬಾರಿಸುತ್ತ ಬಂದಿದ್ದ ಗೌಸುಸಾಬ ಅದನ್ನು ಸಂತೋಷವೆಂದೇ ತಿಳಿದ. ಅವಳಿಗಾದರೋ ಆದದ್ದು ಭಯ.

ಕೊನೆಗೆ ಹಾಡುವುದು ಅಂದರೆ ಏನು ಎಂಬುದು ಆ ಸೀಮೆಯ ಹಾಡುವವರಿಗೆಲ್ಲ ಗೊತ್ತಿತ್ತು. ಅವಳ ಸಂಗೀತದ ಗುರು ಪ್ರಭುಲಿಂಗಪ್ಪ ಬುವಾ ತೀರಿಕೊಂಡ ಮೇಲೆ ಪ್ರತಿವರ್ಷ ಮಾಘದಲ್ಲಿ ಅವರ ತಿಥಿಗೆ ಶಿಷ್ಯರೆಲ್ಲ ನರಗುಂದದ ವಕೀಲ ರಾಘಣ್ಣನವರ ವಾಡೆಯಲ್ಲಿ ಸೇರುತ್ತಿದ್ದರು. ಬೆಳಿಗ್ಗೆ ಕಲಿಯುವ ಹುಡುಗರಿಂದ ಹಾಡಿಕೆ ಸುರುವಾಗಿ, ಹೊತ್ತು ಏರಿದ ಹಾಗೆ ಹಿರಿಯರ ಸರದಿ ಬಂದು, ದೀಪ ಹಚ್ಚುವ ವೇಳೆಗೆ ಎಲ್ಲರಿಗಿಂತ ದೊಡ್ಡವರು ತಂಬೂರಿಯ ಮುಂದೆ ಕೂಡುತ್ತಿದ್ದರು. ಅವರಾದ ಮೇಲೆ ಮತ್ತಾರೂ ಬಾಯಿ ತೆರೆಯುವಂತಿಲ್ಲ. ಯಾರು ಮೇಲು, ಯಾರು ಕೆಳಗು ಎಂದು ಬಾಯಿಬಿಟ್ಟು ಹೇಳುವವರಿಲ್ಲ. ಹಾಡುವ ಸರದಿಯೇ ಅದನ್ನು ಹೇಳುತ್ತಿತ್ತು. ಆ ಜಾಗದಲ್ಲಿ ಇಷ್ಟು ವರ್ಷ ಕೂಡುತ್ತಿದ್ದವರು ಬುವಾ ಅವರ ಹಿರಿಯ ಶಿಷ್ಯ ಹಾಲಸಿದ್ದಪ್ಪ. ಕಳೆದ ಮಳೆಗಾಲದಲ್ಲಿ ಅವರೂ ಹೋಗಿಬಿಟ್ಟರು.

ಅಲ್ಲಿ ಇನ್ನೂ ಒಂದು ರೂಢಿಯಿತ್ತು. ಕೊನೆಗೆ ಹಾಡಿದವರನ್ನು ಉಳಿದ ಕಲಾವಿದರು ತಮಗೆ ಬೇಕಾದ ಚೀಜು ಕೇಳಬಹುದು. ರಾಗದ ಹಾಡಿಗೆ ಅವರ ಮಾತಿನಲ್ಲಿ ಚೀಜು ಎಂದು ಹೆಸರು. ಕೇಳಿದ್ದನ್ನು ಹಾಡಿ ತೋರಿಸಬೇಕು. ಇಲ್ಲ ಅನ್ನುವ ಮಾತಿಲ್ಲ.

"ನಿಮಗೇನ್ ಬಿಡ್ರಿ," ಎಂದು ಗೌಸುಸಾಬ ಕಂಬಕ್ಕೆ ಒರಗಿ ಕುಳಿತ. "ಏನ ಕೇಳಿದ್ರೂ ನಿಮ್ಮ ಕಣಜದಾಗ ಐತಿ."

ಕಣಜ. ಅವಳನ್ನು ಎಲ್ಲರೂ ಹೊಗಳುತ್ತಿದ್ದದ್ದು ಆ ಮಾತಿನಿಂದಲೇ. ಹಾಡುವವರು ಒಬ್ಬರನ್ನೊಬ್ಬರು ಹೊಗಳುವ ರೀತಿ ಊರವರು ಹೊಗಳುವ ಹಾಗಲ್ಲ, ಅದು ಬಹಳ ಬಿಗಿ. ಗಜೇಂದ್ರಗಡದ ಖಾಜಾಬಿಗೆ ಬರುವ ಚೀಜು ಕೆಲವೇ. ಆದರೆ ಅವಳು ಹಾಡಿ ಮುಗಿಸಿದಾಗ ಹಿರಿಯರು ಮಾತಾಡದೆ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಚಿಕ್ಕನರಗುಂದದ ಅರ್ಜುನಪ್ಪನ ಗಂಟಲಿಗೆ 'ಗಂಡು ದನಿ' ಎಂದು ಹೆಸರು. ಹೊಳೆವ್ವನ ಹೆಸರು ಬಂದರೆ ಮಾತ್ರ "ಆಕಿಗೆ ಬಾರದ್ದು ಯಾವದೈತಿ, ಅದನ್ನರ ಹೇಳ್ರಿ" ಎನ್ನುತ್ತಿದ್ದರು. ಬುವಾ ಬಾಯಿಂದ ಒಮ್ಮೆ ಹೊರಬಿದ್ದದ್ದು ಅವಳ ಕಿವಿಗೆ ಬಿದ್ದರೆ ಮುಗಿಯಿತು, ಅದು ಅವಳದು. ನಾಟಕದ ಪದ, ತತ್ವಪದ, ಹಳೆಯ ಚೀಜು, ಎಲ್ಲಿಯೂ ಬರೆದಿಡದೆ ಎಲ್ಲವೂ ಅವಳ ತಲೆಯಲ್ಲಿದ್ದವು.

ಈಗ ಆ ಕಣಜ ಸೋರುತ್ತಿತ್ತು. ಅದು ಗೊತ್ತಿದ್ದವಳು ಅವಳೊಬ್ಬಳೇ.

ಸವಡಿಯ ಒಂದು ಮದುವೆಯಲ್ಲಿ ಮೊದಲ ಸಲ ಹಾಗಾಗಿತ್ತು. ನೂರಾರು ಸಲ ಹಾಡಿದ್ದ ಪದ. ಮೊದಲ ಭಾಗ ಮುಗಿಸಿ ಎರಡನೆಯ ಭಾಗವಾದ ಅಂತರಾಕ್ಕೆ ಬಾಯಿ ತೆರೆದಳು. ಅಲ್ಲಿ ಏನೂ ಇರಲಿಲ್ಲ. ತನ್ನದೇ ಮನೆಯ ಅಡುಗೆಮನೆ ಬಾಗಿಲು ನೂಕಿದರೆ ಆಚೆ ಅಡುಗೆಮನೆಯೇ ಇಲ್ಲ ಎಂಬ ಹಾಗೆ. ಬಾಯಿ ತಾನಾಗಿ ಸರಿಗಮ ಹಿಡಿದು ಹೇಗೋ ಮೊದಲ ಸಾಲಿಗೆ ಬಂದು ಬಿದ್ದಿತು. ಗೌಸುಸಾಬ "ಭಲೇ!" ಅಂದ. ಅವನಿಗೂ ತಿಳಿಯಲಿಲ್ಲ.

ಹಾಡು ಮರೆಯುವುದು ಇತರರಿಗೆ ಬರೀ ಹಾಡು ಮರೆಯುವುದು. ಹೊಳೆವ್ವನಿಗೆ ಹಾಗಿರಲಿಲ್ಲ. ತವರೂರು ಮೆಣಸಗಿಯಲ್ಲಿ ಅವಳ ತಾಯಿ ಕಳಕವ್ವ ಮೊದಲು ಮರೆತದ್ದೂ ಹಾಡೇ. ಬೀಸುವ ಕಲ್ಲಿನ ಮುಂದೆ ಕುಳಿತು ಅರ್ಧಕ್ಕೇ ಸುಮ್ಮನಾಗುತ್ತಿದ್ದಳು. ಆಮೇಲೆ ಹೆಸರು ಹೋದವು. ಮಗಳನ್ನೇ ತಂಗಿಯ ಹೆಸರು ಹಿಡಿದು ಕರೆದಳು. ಒಂದು ದಿನ ಮಲಪ್ರಭೆಗೆ ನೀರಿಗೆ ಹೋದವಳು ತಿರುಗಿ ಬರಲಿಲ್ಲ. ಹುಡುಕಿದವರಿಗೆ ಯಾರದೋ ಹೊಲದ ಬದುವಿನ ಮೇಲೆ ಸಿಕ್ಕಳು. ತುಂಬಿದ ಕೊಡ ಸೊಂಟದಲ್ಲಿ ಹಾಗೇ ಇತ್ತು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ಯಪ್ಪಾ, ನಾ ಯಾರ ಮನ್ಯಾಕಿ?" ಎಂದು ಕೇಳುತ್ತಿದ್ದಳು. ಆ ದನಿ ಹೊಳೆವ್ವನ ಕಿವಿಯಿಂದ ಯಾವತ್ತೂ ಹೋಗಿರಲಿಲ್ಲ.

ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ. ಸಣ್ಣ ವಯಸ್ಸಿನಲ್ಲಿ ನಾಟಕ ಕಂಪನಿ ಸೇರಿದಳು. ಬುವಾ ಆಗ ಆ ಕಂಪನಿಯ ಸಂಗೀತದ ಮಾಸ್ತರು. ಅಲ್ಲಿಯೇ ಪರದೆ ಎಳೆಯುವವನೊಬ್ಬನನ್ನು ಲಗ್ನವಾದಳು, ಅವನು ಬೇಗ ತೀರಿಕೊಂಡ. ಮಕ್ಕಳಾಗಲಿಲ್ಲ. ಹಾಡುಗಳೂ ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಯೋಚಿಸುವುದಕ್ಕೂ ಅವಳಿಗೆ ಧೈರ್ಯವಿರಲಿಲ್ಲ.

ಸುದ್ದಿ ಬಂದ ಮರುದಿನದಿಂದ ರೊಟ್ಟಿ ಬಡಿಯುವಾಗ ಒಂದೊಂದೇ ಚೀಜು ಹಾಡಿ ನೋಡತೊಡಗಿದಳು. ಕೆಲವು ಕರೆದ ಕೂಡಲೇ ಬಂದವು. ಕೆಲವು ಬಾಗಿಲ ತನಕ ಬಂದು ನಿಂತವು. ನಿನ್ನೆ ಇಲ್ಲದ ಸಾಲು ಇವತ್ತು ತಾನಾಗಿ ಬಾಯಿಗೆ ಬಂದಾಗ ಸಮಾಧಾನವಾಗುವ ಬದಲು ಇನ್ನಷ್ಟು ಭಯವಾಗುತ್ತಿತ್ತು. ಇದು ನಾಳೆ ಇರುತ್ತದೆಂಬ ನಂಬಿಕೆ ಏನು? ರೊಟ್ಟಿ ಹಂಚಿನ ಮೇಲೆ ಹೊತ್ತಿದ ವಾಸನೆ ಬಂದಾಗಲೇ ಅವಳಿಗೆ ಎಚ್ಚರ.

ಒಂದು ಸಂಜೆ ಗೌಸುಸಾಬನಿಗೆ ಹೇಳಿಯೇಬಿಡಬೇಕೆಂದುಕೊಂಡಳು. ಬಾಯಿಗೆ ಬಂದದ್ದು ಬೇರೆ.

"ಗೌಸಣ್ಣ, ನಂಗ್ಯಾಕೋ ಆರಾಮಿಲ್ಲ. ಈ ಸರ್ತಿ ಖಾಜಾಬಿ ಕಡೀಕ ಹಾಡ್ಲಿ. ಆಕಿ ನನಕಿಂತ ಚಲೋ ಹಾಡತಾಳ."

ಗೌಸುಸಾಬ ನಕ್ಕ. "ದೊಡ್ಡವರು ಮಾತಾಡೂದ ಹಿಂಗರಿ. ನಾ ಹೋಗಿ ಎಲ್ಲಾರಿಗೂ ಹೇಳತೀನಿ, ನಮ್ಮ ಅಕ್ಕಾರು ಹಿಂಗಂದ್ರು ಅಂತ."

ಹಾಗೆಯೇ ಹೇಳಿದ. ನರಗುಂದದಿಂದ ಗಜೇಂದ್ರಗಡದವರೆಗೆ ಹೊಳೆವ್ವನ ದೊಡ್ಡತನದ ಮಾತು ಹಬ್ಬಿತು. ತಪ್ಪಿಸಿಕೊಳ್ಳಲು ಹೋಗಿ ಅವಳು ಇನ್ನೂ ಎತ್ತರಕ್ಕೆ ಏರಿ ಕುಳಿತಿದ್ದಳು.

ಏಕೀಕರಣವಾದ ಮರುವರ್ಷದ ಮಾಘ ಅದು. ಬಸ್ಸಿನ ಕಿಟಕಿಯಿಂದ ನರಗುಂದದ ಗುಡ್ಡ ಕಾಣಿಸಿದಾಗ ಹೊಳೆವ್ವ ಇನ್ನೂ ಚೀಜುಗಳನ್ನು ಒಳಗೇ ಹೇಳಿಕೊಳ್ಳುತ್ತಿದ್ದಳು. ವಾಡೆಯಲ್ಲಿ ರಾಘಣ್ಣನವರು ಬಾಗಿಲ ತನಕ ಬಂದು ಕರೆದುಕೊಂಡರು. ಅವರ ಹೆಂಡತಿ ಭಾಗೀರಥಿಬಾಯಿ ಅವಲಕ್ಕಿ, ಚಹಾ ಕೊಟ್ಟರು. ಅವಳು ಚಹಾ ಕುಡಿದು ಅವಲಕ್ಕಿ ಹಾಗೇ ಇಟ್ಟಳು. ಬಂದವರೆಲ್ಲ ಅವಳ ಸುತ್ತ ಸೇರಿ, ಬುವಾ ಅವರ ಚೀಜುಗಳನ್ನು ಉಳಿಸಿಕೊಂಡವಳು ಇವಳೊಬ್ಬಳೇ ಎಂದು ಮಾತಾಡಿಕೊಳ್ಳುತ್ತಿದ್ದರು. ಒಂದೊಂದು ಮಾತೂ ಅವಳಿಗೆ ಎದೆಯ ಮೇಲೆ ಕಲ್ಲು ಹೇರಿದ ಹಾಗಾಗುತ್ತಿತ್ತು.

ಅಷ್ಟರಲ್ಲಿ ಅರ್ಜುನಪ್ಪ ಬಂದು ಕಾಲು ಮುಟ್ಟಿದ. ಎತ್ತರದ ಆಳು, ದೊಡ್ಡ ಮೀಸೆ. ಆ ಕೊನೆಯ ಜಾಗದ ಮೇಲೆ ಅವನಿಗೆ ಆಸೆ ಇದ್ದದ್ದು ಎಲ್ಲರಿಗೂ ಗೊತ್ತು.

"ಅಕ್ಕಾರ, ಇವತ್ತ ನಂದೊಂದು ಕೇಳಿಕಿ ಐತ್ರಿ. ಭಾಳ ದಿವಸದಿಂದ ಮನಸಿನ್ಯಾಗ ಇಟಗೊಂಡೇನಿ. ಬುವಾ ಅವರು ಪೂರಿಯಾ ರಾಗದಾಗ ಹಾಡತಿದ್ರಲ್ಲ, 'ಹೊತ್ತು ಮುಳುಗಿತು, ಇನ್ನೂ ಬರಲಿಲ್ಲ ನೀ' ಅಂತ. ಅದನ್ನ ನಿಮ್ಮ ಬಾಯಿಂದ ಪೂರಾ ಕೇಳಬೇಕ್ರಿ."

"ಪೂರಾ" ಎಂಬ ಮಾತನ್ನು ಅವನು ಒತ್ತಿ ಹೇಳಿದ. ಹೊಳೆವ್ವ ನಗಲು ನೋಡಿದಳು. ಮೊದಲ ಸಾಲು ನೆನಪಿತ್ತು. ಅದರ ಮುಂದೆ ಕತ್ತಲು. ಇವನಿಗೆ ಗೊತ್ತಾಗಿದೆ, ಎಲ್ಲರೆದುರು ನನ್ನನ್ನು ಇಳಿಸುವುದಕ್ಕೇ ಇದನ್ನು ಕೇಳುತ್ತಾನೆ ಎಂದುಕೊಂಡಳು.

ಬೆಳಗಿನಿಂದ ಒಬ್ಬರಾದ ಮೇಲೊಬ್ಬರು ಹಾಡಿದರು. ಅವಳು ಯಾರ ಹಾಡನ್ನೂ ಕೇಳಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಬಿಸಿಲು ನಿಧಾನವಾಗಿ ಪೂರ್ವದ ಗೋಡೆಯತ್ತ ಸರಿಯುವುದನ್ನೇ ನೋಡುತ್ತಿದ್ದಳು. ಅದು ಗೋಡೆ ಏರತೊಡಗಿತು. ಅರ್ಜುನಪ್ಪ ಹಾಡಿದ. ಅವನಾದ ಮೇಲೆ ಖಾಜಾಬಿ ಹಾಡಿದಳು. ಒಂದೇ ಚೀಜು. ಮುಗಿದಾಗ ಗೌಸುಸಾಬನ ಕೈ ತಬಲಾದ ಮೇಲೆ ಹಾಗೇ ಉಳಿದಿತ್ತು. ಇನ್ನು ಉಳಿದವಳು ಹೊಳೆವ್ವ ಮಾತ್ರ. ನಡುವೆ ಒಂದು ಚಹಾ.

ಎಲ್ಲರೂ ಚಹಾಕ್ಕೆ ಎದ್ದಾಗ ಅವಳು ಮೆಲ್ಲಗೆ ಹಿತ್ತಲಿಗೆ ಬಂದಳು. ದನಕಟ್ಟುವ ಜಾಗ ದಾಟಿದರೆ ಹಿಂದಿನ ಬಾಗಿಲು, ಅದರಾಚೆ ಓಣಿ, ಓಣಿಯ ಕೊನೆಗೆ ಬಸ್ಸು ನಿಲ್ಲುವ ಜಾಗ. ಅಗಳಿ ಸರಿಸುವಾಗ ಸದ್ದಾಯಿತು.

"ಎಲ್ಲಿಗಿ ಅಕ್ಕಾ?"

ಬಾವಿಯ ಕಟ್ಟೆಯ ಹತ್ತಿರ ಖಾಜಾಬಿ ಮುಖ ತೊಳೆಯುತ್ತಿದ್ದಳು. ಹೊಳೆವ್ವನಿಗೆ ಸುಳ್ಳು ಹೊಳೆಯಲಿಲ್ಲ.

"ಊರಿಗಿ."

ಖಾಜಾಬಿ ಸೆರಗಿನಿಂದ ಮುಖ ಒರೆಸುತ್ತ ಹತ್ತಿರ ಬಂದಳು. "ಊರಿಗಿ ಅಂದ್ರ? ತಂಬೂರಿ ಶ್ರುತಿ ಮಾಡಾಕ್ಹತ್ಯಾರ ಅಲ್ಲೆ."

"ಖಾಜಾಬಿ, 'ಹೊತ್ತು ಮುಳುಗಿತು' ನಿನಗ ಬರತೈತೇನ? ಅಂತರಾ ಹೇಳ ನೋಡೂಣು, ಲಗೂ."

"ನನಗೆಲ್ಲಿಂದ ಬರಬೇಕಕ್ಕಾ? ಹೋದ ವರ್ಷ ನಮ್ಮ ಮನ್ಯಾಗ ನೀ ಅದನ್ನ ಹಾಡಿದಿ. ಹೇಳಿಕೊಡು ಅಂತ ಬೆನ್ನ ಹತ್ತಿದ್ನಿ. ಮುಂದಿನ ಸರ್ತಿ ನೋಡೂಣು ಅಂದಿದ್ದಿ."

ಹೊಳೆವ್ವ ಅವಳ ಮುಖವನ್ನೇ ನೋಡಿದಳು. ಗಜೇಂದ್ರಗಡಕ್ಕೆ ಹೋದದ್ದು ನೆನಪಿತ್ತು. ಗುಡ್ಡದ ಗಾಳಿ, ಖಾಜಾಬಿಯ ಮನೆಯ ಮುಂದಿನ ಬೇವಿನ ಗಿಡ ನೆನಪಿದ್ದವು. ತಾನು ಅಲ್ಲಿ ಆ ಚೀಜು ಹಾಡಿದ್ದೇ ನೆನಪಿರಲಿಲ್ಲ. ಬರೀ ಹಾಡಲ್ಲ, ದಿನಗಳೂ ಹೋಗತೊಡಗಿವೆ. ಅವಳು ಬಾವಿಯ ಕಟ್ಟೆಯ ಮೇಲೆ ಕುಳಿತಳು.

"ನನಗ ಮರೀಲಿಕ್ಹತ್ತೈತಿ ಖಾಜಾಬಿ. ನಮ್ಮವ್ವಗ ಆದಂಗ ಆಗಾಕ್ಹತ್ತೈತಿ. ಯಾರ ಮುಂದೂ ಹೇಳಿಲ್ಲ."

ಖಾಜಾಬಿಗೆ ಕಳಕವ್ವನ ಕಥೆ ಗೊತ್ತಿತ್ತು. ಅವಳು "ಏನೂ ಆಗೂದಿಲ್ಲ ಬಿಡು" ಅನ್ನಲಿಲ್ಲ. ಪಕ್ಕದಲ್ಲಿ ಕುಳಿತಳು. "ನನಗೂ ಅಂಜಿಕಿ ಆತು," ಎಂದಳು.

"ನೀ ನನ್ನ ಹಿಂದ ತಂಬೂರಿ ಹಿಡಕೊಂಡು ಕುಂಡ್ರು. ತಪ್ಪಿದಲ್ಲಿ ಕಿವ್ಯಾಗ ಹೇಳು."

"ಗೊತ್ತಿದ್ರ ಹೇಳತಿದ್ನಿ. ನಿನ್ನ ಬಾಯಾಗ ಇದ್ದದ್ದು ನಮ್ಮ್ಯಾರಿಗೂ ಗೊತ್ತಿಲ್ಲಲ್ಲಕ್ಕಾ. ನೀ ಅದೀ ಅಂತ ನಾವ್ಯಾರೂ ಕಲೀಲೇ ಇಲ್ಲ."

"ಹಂಗಾರ ನಾ ಹೋಗ್ತೀನಿ."

"ಹೋಗು. ಸೊಕ್ಕ ಬಂತು ಅಂತಾರ. ಇಲ್ಲಾ, ಕುಂತು ಹೇಳಿಬಿಡು. ಆವಾಗ ಏನಂತಾರ, ನನಗೂ ಗೊತ್ತಿಲ್ಲ."

ಒಳಗಿನಿಂದ ರಾಘಣ್ಣನವರ ದನಿ ಕೇಳಿಸಿತು: "ಹೊಳೆವ್ವಾರ, ಬರ್ರಿ, ಹೊತ್ತಾತು." ಹೊಳೆವ್ವ ಅಗಳಿಯ ಕಡೆಗೊಮ್ಮೆ ನೋಡಿದಳು. ಬಸ್ಸಿನಲ್ಲಿ ಒಬ್ಬಳೇ ಕುಳಿತು ಹೋಗಿ, ರೋಣ ಬಂದಾಗ ಇಳಿಯುವುದನ್ನೇ ಮರೆತರೆ ಎಂಬ ಯೋಚನೆ ಎಲ್ಲಿಂದಲೋ ಬಂದು ಅವಳನ್ನು ಎಬ್ಬಿಸಿತು. ಒಳಗೆ ನಡೆದಳು.

ಅವಳು ತಂಬೂರಿಗಳ ಮುಂದೆ ಕುಳಿತಾಗ ಭಾಗೀರಥಿಬಾಯಿ ಬುವಾ ಅವರ ಪಟದ ಮುಂದೆ ದೀಪ ಹಚ್ಚಿದರು. ಹೊಳೆವ್ವ ಷಡ್ಜ ಹಿಡಿದಳು. ಸ್ವರ ತಾನಾಗಿ ಬಂದು ಕೂತಿತು. ಅದೊಂದು ಎಲ್ಲಿಗೂ ಹೋಗಿರಲಿಲ್ಲ. ಗಟ್ಟಿಯಾಗಿ ನೆನಪಿದ್ದ ಒಂದು ಚೀಜನ್ನು ಎತ್ತಿಕೊಂಡಳು. ಒಂದೇ ಸಾಲಿನ ಸುತ್ತ ಸುತ್ತಿದಳು, ಆಚೆ ಹೋಗುವ ಧೈರ್ಯ ಸಾಲದೆ. ಆ ಸಾಲನ್ನು ಅವಳು ಯಾವತ್ತೂ ಅಷ್ಟು ಹೊತ್ತು ಹಾಡಿರಲಿಲ್ಲ. ಎದುರಿಗೆ ಹಿರಿಯರೊಬ್ಬರು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅದನ್ನು ಕಂಡು ಅವಳಿಗೆ ಅಳು ಬಂತು. ಅವರು ತಿಳಿದದ್ದು ಬೇರೆ, ನಡೆಯುತ್ತಿರುವುದು ಬೇರೆ.

ಹಾಡಿಕೆ ಮುಗಿಯಿತು. ಕೇಳಿಕೆ ಸುರುವಾದವು. ಒಬ್ಬರು ಒಂದು ನಾಟಕದ ಪದ ಕೇಳಿದರು, ಅದು ಬಂತು. ಮತ್ತೊಬ್ಬರು ತತ್ವಪದ ಕೇಳಿದರು, ಅದೂ ಕಾಲೆಳೆಯುತ್ತ ಬಂತು. ಆಮೇಲೆ ಅರ್ಜುನಪ್ಪ ಮುಂದೆ ಸರಿದು ಕೈ ಮುಗಿದ.

ಹೊಳೆವ್ವ "ಹೊತ್ತು ಮುಳುಗಿತು, ಇನ್ನೂ ಬರಲಿಲ್ಲ ನೀ" ಎಂದು ಎತ್ತಿದಳು. ಮತ್ತೊಮ್ಮೆ ಅದನ್ನೇ ಹಾಡಿದಳು. ಅಂತರಾದ ಕಡೆಗೆ ಸ್ವರ ಏರಿತು, ಮೇಲಿನ ಷಡ್ಜ ಮುಟ್ಟಿತು, ಅಲ್ಲಿ ನಿಂತಿತು. ಮಾತಿಲ್ಲ. ಗೌಸುಸಾಬ ತಾಳದ ಒಂದು ಆವರ್ತ ಬಾರಿಸಿದ, ಇನ್ನೊಂದು ಬಾರಿಸಿದ, ಕತ್ತೆತ್ತಿ ಅವಳತ್ತ ನೋಡಿದ. ಸರಿಗಮ ಹಿಡಿದು ಪಾರಾಗಬಹುದಿತ್ತು. ಆದರೆ ಎದುರಿಗೆ ಕುಳಿತವರ ಮುಖಗಳು ಒಂದೂ ಗುರುತಿಲ್ಲದವರ ಮುಖಗಳಂತೆ ಕಂಡವು. ತಾನು ಇನ್ನೊಂದು ಗಳಿಗೆ ಸುಮ್ಮನಿದ್ದರೆ ತಾಯಿ ಕೇಳಿದ್ದನ್ನೇ ಕೇಳಿಬಿಡುತ್ತೇನೆ ಎನ್ನಿಸಿತು.

"ಬರವಲ್ದು," ಎಂದಳು. "ಮರತೀನಿ. ಇದೊಂದ ಅಲ್ಲ, ಭಾಳ ಮರತೀನಿ. ನನಗ ರೋಗ ಐತಿ. ನನ್ನನ್ನ ಕಡೀಕ ಕುಂಡರಸಬ್ಯಾಡ್ರಿ."

ತಬಲಾ ನಿಂತಿತು. ತಂಬೂರಿ ಮಾತ್ರ ಇನ್ನೂ ನುಡಿಯುತ್ತಿತ್ತು. ಹೊಳೆವ್ವ ತಲೆ ತಗ್ಗಿಸಿ ಅರ್ಜುನಪ್ಪ ನಗುವುದನ್ನು ಕಾಯುತ್ತ ಕುಳಿತಳು. ಅವನು ನಗಲಿಲ್ಲ.

"ಹಂಗನಬ್ಯಾಡ್ರಿ ಅಕ್ಕಾರ," ಎಂದ. ಆ ಗಂಡು ದನಿ ಒಡೆದಿತ್ತು. "ನಿಮ್ಮನ್ನ ಪರೀಕ್ಷಾ ಮಾಡಾಕ ಕೇಳಿಲ್ಲರಿ ನಾ. ಬುವಾ ಅವರು ಅದನ್ನ ನನಗ ಕಲಿಸಿದ್ರು. ಅಂತರಾ ನನಗೂ ಹೋಗೇತಿ. ನಿಮ್ಮ ಕಡೆ ಇದ್ದೇ ಇರತೈತಿ ಅಂತ ಧೈರ್ಯಾ ಮಾಡಿ ಕುಂತಿದ್ನಿ. ನಿಮ್ಮಂತೇಕೂ ಇಲ್ಲಂದ್ರ ಅದು ಎಲ್ಲಿ ಐತ್ರಿ?"

ಯಾರ ಹತ್ತಿರವೂ ಇರಲಿಲ್ಲ. ಅವನು ಒಬ್ಬೊಬ್ಬರ ಮುಖ ನೋಡಿದ, ಒಬ್ಬೊಬ್ಬರೂ ತಲೆ ಅಲ್ಲಾಡಿಸಿದರು. ಆಗ ಆ ಪಡಸಾಲೆಯಲ್ಲಿದ್ದ ಅಷ್ಟೂ ಜನಕ್ಕೆ ಹೊಳೆವ್ವನ ಭಯ ಅಂಟಿಕೊಂಡಿತು. ಇಷ್ಟು ವರ್ಷ ಕಣಜ, ಕಣಜ ಎಂದು ಹೊಗಳಿದವರೆಲ್ಲ ಅವಳ ಮೇಲೆ ಭಾರ ಹಾಕಿ ತಾವು ಬರಿಗೈಯಲ್ಲಿ ಕುಳಿತಿದ್ದರು. ಗೌಸುಸಾಬ ತಬಲಾದ ಮೇಲೆ ಎರಡೂ ಕೈ ಊರಿ, "ಸವಡ್ಯಾಗ... ಭಲೇ ಅಂದ್ನೆಲ್ಲರಿ ನಾ," ಎಂದು ಮಕ್ಕಳ ಹಾಗೆ ಅತ್ತ.

"ಇನ್ನ ಏನೇನ ಉಳದಾವ್ರಿ?" ಎಂದು ಕೇಳಿದ ಅರ್ಜುನಪ್ಪ.

"ಗೊತ್ತಿಲ್ಲಪ್ಪಾ. ಒಳಗ ಹೊಕ್ಕು ನೋಡಾಕ ಅಂಜಿಕಿ ಬರತೈತಿ."

"ಒಬ್ಬಾಕಿ ಹೋಗಬ್ಯಾಡ," ಎಂದಳು ಖಾಜಾಬಿ ಹಿಂದಿನಿಂದ. "ನಾವೂ ಬರತೀವಿ."

ಆ ಮಾತನ್ನು ಅವರು ನಡೆಸಿದರು. ಅರ್ಜುನಪ್ಪ ಪ್ರತಿ ಸಂತೆಯ ದಿನ ಬಸ್ಸು ಹಿಡಿದು ರೋಣಕ್ಕೆ ಬಂದು ಅವಳ ಮುಂದೆ ಕೂಡುತ್ತಿದ್ದ. ಖಾಜಾಬಿ ವಾರಗಟ್ಟಲೆ ಇರುತ್ತಿದ್ದಳು. ಹೊಳೆವ್ವ ಉಳಿದದ್ದನ್ನೆಲ್ಲ ಬಾಯಿಗೆ ಬಂದ ಹಾಗೆ ಒಪ್ಪಿಸಿದಳು. ಒಂದೊಂದು ಚೀಜು ಹೇಳಿಕೊಟ್ಟ ಮೇಲೆ, "ಹಿಡದೀರೇನ? ಇನ್ನೊಮ್ಮೆ ಹಾಡ್ರಿ, ಲಗೂ ಹಾಡ್ರಿ," ಎಂದು ಅವಸರ ಮಾಡುತ್ತಿದ್ದಳು. ಕಲಿಯುವವರಿಗೂ ಅದೇ ಗಾಬರಿ. ಅಂಥ ಪಾಠ ಆ ಸೀಮೆಯಲ್ಲಿ ಹಿಂದೆ ನಡೆದಿರಲಿಲ್ಲ.

ಮರುವರ್ಷದ ತಿಥಿಗೆ ಅವಳನ್ನು ಎಲ್ಲಿ ಕೂಡಿಸಬೇಕೆಂಬ ಮಾತು ಬಂತು. ಅರ್ಜುನಪ್ಪನೇ, ಕೊನೆಯ ಜಾಗ ಅಕ್ಕಾರದು ಎಂದು ಹಟ ಹಿಡಿದ. ಹೊಳೆವ್ವ ಒಪ್ಪಲಿಲ್ಲ. "ಹೊತ್ತ ಏರಿದಂಗ ನನ್ನ ತಲಿ ದಣೀತೈತಿ. ಮುಂಜಾನೆ ಮದ್ಲ ಹಾಡತೀನಿ," ಎಂದಳು. ಅವಳಾದ ಮೇಲೆ ಹಾಡಬೇಕಾಗಿ ಬಂದ ಕಲಿಯುವ ಹುಡುಗರು ಗಡಗಡ ನಡುಗಿದರು. ಕೊನೆಗೆ ಖಾಜಾಬಿ ಹಾಡಿದಳು.

ಆ ಮಳೆಗಾಲದಲ್ಲಿ ಖಾಜಾಬಿ ಅವಳನ್ನು ಗಜೇಂದ್ರಗಡದ ತನ್ನ ಮನೆಗೇ ಕರೆದೊಯ್ದಳು. ರೋಣದಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಎರಡು ಸಲ ಒಲೆ ಆರಿಸುವುದು ಮರೆತಿದ್ದಳು. ಅಲ್ಲಿ ಒಂದು ಮಧ್ಯಾಹ್ನ ಮಳೆ ಸುರಿಯುವಾಗ ಅವಳು ತನ್ನಷ್ಟಕ್ಕೆ "ಹೊತ್ತು ಮುಳುಗಿತು" ಗುನುಗುತ್ತ ಕುಳಿತಿದ್ದವಳು ನಿಲ್ಲದೆ ಅಂತರಾಕ್ಕೆ ಹೋಗಿ, ಎರಡು ಸಾಲು ಹಾಡಿ, ತಿರುಗಿ ಬಂದಳು. ಖಾಜಾಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮತ್ತೆ ಮತ್ತೆ ಹಾಡಿಸಿದಳು. ಅರ್ಜುನಪ್ಪನಿಗೆ ಸುದ್ದಿ ಹೋಯಿತು. ಅವನು ತೊಯ್ದುಕೊಂಡೇ ಬಂದ.

"ಅಕ್ಕಾರ, ಇದು ಬುವಾ ಅವರದೋ, ನೀವ ಈಗ ಕಟ್ಟಿದ್ದೋ?"

"ನಂಗ ಗೊತ್ತಿಲ್ಲಪ್ಪಾ," ಎಂದಳು ಅವಳು ಹೆದರಿಕೊಂಡು, ಏನೋ ತಪ್ಪು ಮಾಡಿದವಳ ಹಾಗೆ.

ಅರ್ಜುನಪ್ಪ ಕಣ್ಣು ಮುಚ್ಚಿ ಆ ಸಾಲುಗಳನ್ನು ಒಳಗೇ ಹೇಳಿಕೊಂಡ. ಅವನಿಗೂ ಗೊತ್ತಾಗಲಿಲ್ಲ. ತಂಬೂರಿ ಕೇಳಿ ತರಿಸಿಕೊಂಡು ಕಲಿತ.

ಮುಂದಿನ ಮಾಘದಲ್ಲಿ ಕೊನೆಯ ಸರದಿ ಅವನಿಗೆ ಬಂತು. ಹೊಳೆವ್ವ ಆ ಸಲ ಹಾಡಲಿಲ್ಲ. ಖಾಜಾಬಿಯ ಕೈ ಹಿಡಿದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಅರ್ಜುನಪ್ಪ ಪೂರಿಯಾ ಎತ್ತುವ ಮೊದಲು ತೀರಿಕೊಂಡ ಗುರುವನ್ನು ನೆನೆಯುವ ರೂಢಿಯಂತೆ ಕಿವಿ ಮುಟ್ಟಿಕೊಂಡು ಬುವಾ ಅವರ ಹೆಸರು ಹೇಳಿದ. ಮತ್ತೊಮ್ಮೆ ಕಿವಿ ಮುಟ್ಟಿಕೊಂಡು, "ಮೆಣಸಗಿ ಹೊಳೆವ್ವನವರು," ಎಂದ. ಬದುಕಿದ್ದವರ ಹೆಸರನ್ನು ಹಾಗೆ ಹೇಳುವುದು ಅಲ್ಲಿ ಅದೇ ಮೊದಲು.

ಹೆಸರು ಕೇಳಿ ಹೊಳೆವ್ವ ಬೆಚ್ಚಿದಳು. ಸುತ್ತ ನೋಡಿ, ಖಾಜಾಬಿಯ ತೋಳು ಹಿಡಿದು ಪಿಸುಗುಟ್ಟಿದಳು.

"ನನ್ನ ಹೆಸರ ಯಾಕ ಕರದ್ರ? ಈಗ ನಾ ಹಾಡಬೇಕೇನ?"

"ಇಲ್ಲಕ್ಕಾ. ಅಂವ ಹಾಡತಾನ. ನೀ ಕೇಳು."

ಅವಳು ತೋಳಿನ ಹಿಡಿತ ಬಿಡಲಿಲ್ಲ. ಅರ್ಜುನಪ್ಪ ಹಾಡತೊಡಗಿದ.